ಬೆಳಗಾವಿಯಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ: ಖಾಲಿ ತಿಂಗಳ ಲೆಕ್ಕ

ತಿಂಗಳಿಗೆ 9,000 ರೂಪಾಯಿ ಬರುವ ಮನೆ ವರ್ಷದಲ್ಲಿ ಒಂದೇ ಒಂದು ತಿಂಗಳು ಖಾಲಿ ಬಿದ್ದರೂ, ವರ್ಷವಿಡೀ 750 ರೂಪಾಯಿ ಕಡಿಮೆಗೆ ಕೊಟ್ಟಷ್ಟೇ ಆಯಿತು. ಇಷ್ಟು ಸಣ್ಣ ಭಾಗಾಕಾರವನ್ನು ನಮ್ಮೂರಿನ ಬಹಳಷ್ಟು ಮಾಲಕರು ಮಾಡುವುದಿಲ್ಲ. "ಒಂಬತ್ತೂವರೆ ಕೊಡುವವರು ಬರಲಿ, ಅಲ್ಲಿ ಮಟ ಬೀಗ ಇರಲಿ" ಎನ್ನುತ್ತಾರೆ. ಒಂದು ತಿಂಗಳು ಕಾದು 9,500ಕ್ಕೆ ಕೊಟ್ಟರೆ ಆ ವರ್ಷ ಕೈಗೆ ಬರುವುದು 1,04,500. ಕಾಯದೆ 9,000ಕ್ಕೇ ಕೊಟ್ಟಿದ್ದರೆ 1,08,000 ಬರುತ್ತಿತ್ತು. ಎರಡು ತಿಂಗಳು ಕಾದರೆ ನಷ್ಟ 13,000. ಅದೇ ಬಾಡಿಗೆದಾರರು ಇನ್ನೂ ಎರಡು ವರ್ಷ ನಿಂತರೂ ಅದು ಪೂರ್ತಿ ತುಂಬಿಬರುವುದಿಲ್ಲ.

ಒಂದೆರಡು ಮನೆ, ಇಲ್ಲವೇ ತಾವಿರುವ ಮನೆಯ ಮೇಲಿನ ಮಾಳಿಗೆ ಬಾಡಿಗೆಗೆ ಕೊಡುವವರು ಮೊದಲು ನೋಡಬೇಕಾದದ್ದು ಬಾಡಿಗೆ ಎಷ್ಟು ಏರಿಸಬಹುದು ಎಂಬುದನ್ನಲ್ಲ, ಮನೆ ಯಾಕೆ ಖಾಲಿ ಬೀಳುತ್ತದೆ ಎಂಬುದನ್ನು. ಅದಕ್ಕೆ ಕಾರಣಗಳು ಹೆಚ್ಚಿಲ್ಲ: ತಪ್ಪು ತಿಂಗಳಲ್ಲಿ ಮುಗಿಯುವ ಕರಾರು, ನೀರು, ಕರೆಂಟ್ ಮೀಟರ್, ಸೋರುವ ಮಾಳಿಗೆ, ಮತ್ತು ಮಾಲಕರೇ ಹಾಕಿಕೊಂಡ ಷರತ್ತುಗಳು.

ಮೊದಲು ತಿಂಗಳ ಮಾತು. ಬೆಳಗಾವಿಯಲ್ಲಿ ಜೂನ್ ಹೊತ್ತಿಗೆ ಮಳೆ ಹಿಡಿಯುತ್ತದೆ, ಜುಲೈ ಆಗಸ್ಟ್‌ನಲ್ಲಿ ಬಿಡುವೇ ಇರುವುದಿಲ್ಲ. ಆ ಮಳೆಯಲ್ಲಿ ಕಪಾಟು, ಗಾದಿ, ಫ್ರಿಜ್ ಟೆಂಪೋಗೆ ಹೇರಿಕೊಂಡು ಮನೆ ಬದಲಿಸಲು ಯಾರೂ ಮನಸ್ಸು ಮಾಡುವುದಿಲ್ಲ. ಜೊತೆಗೆ ಆಷಾಢದಲ್ಲಿ ಹೊಸ ಮನೆಗೆ ಹಾಲುಕ್ಕಿಸುವವರು ಕಡಿಮೆ, ಪಿತೃಪಕ್ಷದಲ್ಲೂ ಅಷ್ಟೇ. ಕುಟುಂಬಸ್ಥರು ಮನೆ ಹುಡುಕುವುದು ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಮೇ ತಿಂಗಳಲ್ಲಿ. ಸರಕಾರಿ ನೌಕರರ, ಬ್ಯಾಂಕಿನವರ ವರ್ಗಾವಣೆಗಳೂ ಹೆಚ್ಚಾಗಿ ಅದೇ ಆಸುಪಾಸಿನಲ್ಲಿ ಬರುತ್ತವೆ. ಆದ್ದರಿಂದ ಬಾಡಿಗೆದಾರರು ಯಾವ ತಿಂಗಳಲ್ಲಿ ಬಂದರೂ ಕರಾರು ಏಪ್ರಿಲ್ ಇಲ್ಲವೇ ಮೇ ಕೊನೆಗೆ ಮುಗಿಯುವಂತೆ ಬರೆಯಿರಿ. ಅಕ್ಟೋಬರ್ ಒಂದಕ್ಕೆ ಬಂದವರಿಗೆ 11 ತಿಂಗಳು ಬರೆದರೆ ಆಗಸ್ಟ್‌ನಲ್ಲಿ, ಮಳೆಗಾಲದ ನಟ್ಟನಡುವೆ ಮನೆ ಖಾಲಿಯಾಗುತ್ತದೆ. ಅವರಿಗೆ 8 ತಿಂಗಳು ಬರೆಯಿರಿ, ಜೂನ್ ಒಂದರಿಂದ ಹೊಸದಾಗಿ 11 ತಿಂಗಳಿಗೆ ಮಾಡಿಕೊಳ್ಳಿ. ಉದ್ಯಮಬಾಗದ ಇಂಜಿನಿಯರಿಂಗ್ ಕಾಲೇಜಿನ ಸುತ್ತ, ಮಚ್ಛೆಯ ವಿಟಿಯು ಕಡೆ, ನೆಹರೂ ನಗರದ ಮೆಡಿಕಲ್ ಕಾಲೇಜಿನ ಹತ್ತಿರ ವಿದ್ಯಾರ್ಥಿಗಳಿಗೆ ಕೊಡುವವರ ಲೆಕ್ಕ ಬೇರೆ. ಅಲ್ಲಿ ಪ್ರವೇಶ ಮುಗಿಯುವ ತಿಂಗಳನ್ನು ಹಿಡಿದು ಕರಾರು ಮಾಡಬೇಕು.

ಮನೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ "ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ?" ಎಂಬುದು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರಿ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್ ಆಯಿತು. ನಿಮ್ಮ ಬಡಾವಣೆಗೆ 24 ತಾಸು ನೀರು ಇದ್ದರೆ ಚಿಂತೆಯಿಲ್ಲ. ಎಂಟು ದಿನಕ್ಕೊಮ್ಮೆ ಬಿಡುವ ಕಡೆಯಾದರೆ ಒಂದು ಕುಟುಂಬಕ್ಕೇ 4,320 ಲೀಟರ್ ಸಂಗ್ರಹ ಬೇಕು. ಒಳಅಳತೆ 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ನೀರಿನ ಆಳದ ಸಂಪಿನಲ್ಲಿ ಸುಮಾರು 4,250 ಲೀಟರ್ ಹಿಡಿಯುತ್ತದೆ. ಅಂದರೆ ಅಂಥ ಒಂದು ಸಂಪು ಒಂದು ಮನೆಗೆ ಸರಿ, ಮೇಲೆ ಕೆಳಗೆ ಎರಡು ಸಂಸಾರಕ್ಕೆ ಸಾಲದು. ಎಷ್ಟೋ ಜನ ಮೇಲೆ ಮಾಳಿಗೆ ಏರಿಸುತ್ತಾರೆ, ಸಂಪು ಮಾತ್ರ ಹಳೆಯದೇ ಇರುತ್ತದೆ. ಆಮೇಲೆ ಕೆಳಗಿನವರಿಗೂ ಮೇಲಿನವರಿಗೂ ನೀರಿನ ಜಗಳ, ಎಂಟೇ ತಿಂಗಳಿಗೆ ಒಬ್ಬರು ಖಾಲಿ ಮಾಡುತ್ತಾರೆ. ಇಬ್ಬರಿಗೂ ಬೇರೆ ಬೇರೆ ಟಾಕಿ ಕೊಡಿ, ಎರಡಕ್ಕೂ ಬೇರೆ ವಾಲ್ವ್ ಇರಲಿ. 1,000 ಲೀಟರ್ ಟಾಕಿ ತುಂಬಿದರೆ ಒಂದು ಟನ್ ಭಾರ. ಅದನ್ನು ಸ್ಲ್ಯಾಬಿನ ನಡುವೆ ಇಡಬೇಡಿ, ಕಾಲಮ್ ಅಥವಾ ಬೀಮಿನ ಮೇಲೆ ಬರುವಂತೆ ಕಟ್ಟೆ ಕಟ್ಟಿಸಿ.

ಮೀಟರಿನದು ಇನ್ನೂ ದೊಡ್ಡ ವಿಷಯ. 2023ರಲ್ಲಿ ಗೃಹಜ್ಯೋತಿ, ಅಂದರೆ ಮನೆಗಳಿಗೆ ಉಚಿತ ಕರೆಂಟಿನ ಸರಕಾರಿ ಯೋಜನೆ ಬಂದ ಮೇಲೆ ಸ್ವಂತ ಮೀಟರ್ ಇಲ್ಲದ ಮನೆಯ ಬೆಲೆ ಇಳಿದಿದೆ. ಒಂದು ಆಧಾರ್‌ಗೆ ಒಂದು ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಮಾತ್ರ ಜೋಡಣೆಯಾಗುತ್ತದೆ, ಮತ್ತು ತಿಂಗಳ ಬಳಕೆ 200 ಯುನಿಟ್ ಮೀರಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಒಂದೇ ಮೀಟರಿನಲ್ಲಿ ಎರಡು ಸಂಸಾರ ತಲಾ 120 ಯುನಿಟ್ ಸುಟ್ಟರೆ 240 ಆಗಿ ಇಬ್ಬರಿಗೂ ಸೌಲಭ್ಯ ತಪ್ಪಿತು. ಬೇರೆ ಮೀಟರ್ ಇದ್ದಿದ್ದರೆ ಇಬ್ಬರೂ 200ರ ಒಳಗೇ ಉಳಿಯುತ್ತಿದ್ದರು. ಒಳಗೆ ಸಬ್ ಮೀಟರ್ ಕೂಡಿಸಿದರೆ ಈ ತೊಂದರೆ ಹೋಗುವುದಿಲ್ಲ. ಅದು ಬಿಲ್ ಹಂಚಿಕೊಳ್ಳಲಿಕ್ಕೆ ಮಾತ್ರ. ಹೆಸ್ಕಾಂ ಉಪವಿಭಾಗದಲ್ಲಿ ಆಸ್ತಿಯ ಉತಾರ, ಗುರುತಿನ ಚೀಟಿ, ಪರವಾನಗಿ ಇರುವ ಗುತ್ತಿಗೆದಾರರ ವೈರಿಂಗ್ ವರದಿ, ಅವರು ಕೇಳುವ ಬೇರೆ ದಾಖಲೆ ಕೊಟ್ಟು ಎರಡನೇ ಮೀಟರ್ ತೆಗೆದುಕೊಳ್ಳಿ. ಪಂಪು ಮತ್ತು ಮೆಟ್ಟಿಲ ದೀಪ ಯಾರ ಮೀಟರಿಗೆ ಎಂಬುದು ಅಲ್ಲೇ ತೀರ್ಮಾನವಾಗಲಿ. ಅದನ್ನು ಮಾಲಕರ ಮೀಟರಿಗೆ ಹಾಕಿಕೊಂಡು ತಿಂಗಳಿಗೆ ಇಷ್ಟು ಎಂದು ಬಾಡಿಗೆಯಲ್ಲೇ ಸೇರಿಸುವುದು ಜಗಳವಿಲ್ಲದ ದಾರಿ. ವೈರಿಂಗ್ ಮಾಡಿಸುವಾಗ ಗೀಜರ್‌ಗೆ 4 ಚದರ ಮಿಲಿಮೀಟರ್ ತಂತಿ, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್), ಇಡೀ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಬೀಳುವ ಸ್ವಿಚ್) ಹಾಕಿಸಿ. ಬಾಡಿಗೆದಾರರು ಯಾವ ಹಳೆಯ ಹೀಟರ್ ಕಾಯಿಲ್ ತಂದು ಬಕೆಟ್ಟಿಗೆ ಇಳಿಬಿಡುತ್ತಾರೋ ನಿಮಗೆ ಗೊತ್ತಾಗುವುದಿಲ್ಲ. ಜೀವ ಉಳಿಸುವ ಆರ್‌ಸಿಸಿಬಿಯಲ್ಲಿ ರೊಕ್ಕ ಉಳಿಸಬಾರದು.

ಈಗ ಸೋರಿಕೆ. ಬೆಳಗಾವಿಯ ಮಾಲಕರಿಗೆ ಇದರಷ್ಟು ಹಣ ತಿನ್ನುವುದು ಮತ್ತೊಂದಿಲ್ಲ. ಆದರೂ ಹೆಚ್ಚಿನವರು ಜುಲೈನಲ್ಲಿ ಗೋಡೆ ಹಸಿಯಾದ ಮೇಲೆ ಗವಂಡಿಯನ್ನು ಹುಡುಕುತ್ತಾರೆ. ಆ ಹೊತ್ತಿಗೆ ಏನೂ ಮಾಡಲು ಬರುವುದಿಲ್ಲ. ಒದ್ದೆ ಕಾಂಕ್ರೀಟಿನ ಮೇಲೆ ಬಳಿದ ವಾಟರ್‌ಪ್ರೂಫಿಂಗ್ ಹಿಡಿಯದೆ ಸಿಪ್ಪೆಯಾಗಿ ಏಳುತ್ತದೆ. ಕೆಲಸ ಮಾರ್ಚ್‌ನಿಂದ ಮೇ ನಡುವೆ ಆಗಬೇಕು.

ಮಾಳಿಗೆ ಸೋರಿದರೆ ಸ್ಲ್ಯಾಬಿನ ನಡುಭಾಗವನ್ನೇ ಬೈಯುವುದು ರೂಢಿ. ನಿಜಕ್ಕೂ ನೀರು ಇಳಿಯುವುದು ಹೆಚ್ಚಾಗಿ ಮೂರು ಜಾಗದಲ್ಲಿ: ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬ್ ಕೂಡುವ ಮೂಲೆ, ಮಳೆನೀರು ಹೊರಹೋಗುವ ಪೈಪಿನ ಬಾಯಿ, ಮತ್ತು ಯಾರೋ ಡ್ರಿಲ್ ಹೊಡೆದ ತೂತು. ಡಿಶ್ ಆಂಟೆನಾ ಕೂಡಿಸಲು ಬಂದವರು ಸ್ಲ್ಯಾಬಿಗೇ ನಾಲ್ಕು ಬೋಲ್ಟ್ ಹೊಡೆದು ಹೋಗುತ್ತಾರೆ, ಮುಂದಿನ ಮಳೆಗಾಲಕ್ಕೆ ಕೆಳಗಿನ ಬೆಡ್‌ರೂಮಿನಲ್ಲಿ ಕಂದು ಕಲೆ ಬೀಳುತ್ತದೆ. ಸ್ಲ್ಯಾಬಿಗೆ ಡ್ರಿಲ್ ಹೊಡೆಯಬಾರದು, ಆಂಟೆನಾವನ್ನು ಕಾಂಕ್ರೀಟ್ ದಿಮ್ಮಿಯ ಮೇಲೆ ಕೂಡಿಸಬೇಕು ಎಂದು ಕರಾರಿನಲ್ಲೇ ಬರೆಯಿರಿ. ಸಾಧ್ಯವಾದರೆ ದಿಮ್ಮಿಯನ್ನೂ ನೀವೇ ಇಡಿಸಿ.

ದುರಸ್ತಿಯ ಕ್ರಮ ಹೀಗಿರಲಿ. ಮೊದಲು ಮಾಳಿಗೆ ಉಜ್ಜಿ ತೊಳೆದು, ಒಣಗಿದ ಮೇಲೆ ಬಿರುಕುಗಳನ್ನು ವಿ ಆಕಾರದಲ್ಲಿ ಕೊರೆಯಿಸಿ. ಬಿರುಕಿನ ಮೇಲೆ ಸಿಮೆಂಟ್ ಸವರಿದರೆ ಒಂದು ಬೇಸಿಗೆಗೇ ಮತ್ತೆ ಬಾಯಿ ಬಿಡುತ್ತದೆ. ಪಾಲಿಮರ್ ಬೆರೆಸಿದ ಗಾರೆಯಿಂದ ಆ ಸಂದು ತುಂಬಿಸಿ. ಪ್ಯಾರಾಪೆಟ್ ಮೂಲೆಗೆ ಸುತ್ತಲೂ ಗೋಲಾ ಹೊಡೆಸಿ, ಅಂದರೆ ಮೂಲೆಯ ನೇರ ಕೋನ ಹೋಗಿ ನೀರು ಜಾರುವಂತೆ ದುಂಡಗಾಗಬೇಕು. ಆಮೇಲೆ ಫೈಬರ್ ಜಾಳಿಗೆ ಹಾಸಿ ಎರಡು ಕೋಟ್, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಲೇಪ ಗೋಡೆಯ ಮೇಲೂ ಒಂದು ಅಡಿ ಏರಲಿ. ಇಳಿಜಾರು ನೂರಕ್ಕೆ ಒಂದಾದರೂ ಬೇಕು, ಎಂದರೆ ಎಂಟು ಅಡಿಗೆ ಒಂದು ಇಂಚು. ಇಳಿಜಾರಿಲ್ಲದೆ ನೀರು ನಿಲ್ಲುವ ಮಾಳಿಗೆಗೆ ಎಷ್ಟು ದುಬಾರಿ ಲೇಪ ಹಾಕಿದರೂ ದಂಡ. ಅಂಥಲ್ಲಿ ಕೋಬಾ, ಅಂದರೆ ಇಟ್ಟಂಗಿ ಚೂರು ಮತ್ತು ಗಾರೆಯ ಪದರ ಮಾಡಿಸಿ ಇಳಿಜಾರು ಕೊಡುವುದೊಂದೇ ದಾರಿ, ಆದರೆ ಅದರ ಭಾರವನ್ನು ಹಳೆಯ ಸ್ಲ್ಯಾಬ್ ಹೊರುತ್ತದೆಯೋ ಇಲ್ಲವೋ ಎಂದು ಇಂಜಿನಿಯರಿಗೆ ತೋರಿಸಿ. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಿ, ಆಮೇಲೆ ಗವಂಡಿಗೆ ಪೂರ್ತಿ ಹಣ ಕೊಡಿ.

ಬಾತ್‌ರೂಮಿನಿಂದ ಕೆಳಗೆ ಸೋರಿದರೆ ಟೈಲ್ಸ್ ಒಡೆಯುವ ಮೊದಲು ಒಂದು ಪರೀಕ್ಷೆ ಮಾಡಿ. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ತೂತಿನ) ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ಗಟ್ಟಿಯಾಗಿ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದು ಒಂದು ದಿನ ಬಿಡಿ. ನೀರು ಗೆರೆಗಿಂತ ಗಮನಾರ್ಹವಾಗಿ ಇಳಿದು ಕೆಳಗೆ ಹಸಿ ಹೆಚ್ಚಾದರೆ ತೊಂದರೆ ನೆಲದ ಸಂದುಗಳಲ್ಲಿದೆ. ನೀರು ನಿಂತೇ ಇದ್ದು, ಬಟ್ಟೆ ತೆಗೆದು ಹರಿಯಬಿಟ್ಟ ಕೂಡಲೇ ಕೆಳಗೆ ಹನಿ ಬಿದ್ದರೆ ಟ್ರ್ಯಾಪಿನ ಜೋಡಣೆ ಬಿಟ್ಟಿದೆ. ಎರಡೂ ಅಲ್ಲದೆ ಸದಾ ಹಸಿ ಇದ್ದರೆ ಗೋಡೆಯೊಳಗಿನ ನಳದ ಪೈಪು ನೋಡಬೇಕು. ನೆಲದ ಸಂದಿನ ತೊಂದರೆಗೆ ಹಳೆಯ ಬಿಳಿ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಹಸಿ ಗೋಡೆ ಪೂರ್ತಿ ಒಣಗುವ ತನಕ ಬಣ್ಣ ಬೇಡ. ಬಳಿದರೆ ಎರಡೇ ತಿಂಗಳಿಗೆ ಉಬ್ಬಿ ಉದುರುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು: ಎಲ್ಲ ಕೋಣೆಗೂ, ನಿಮ್ಮ ಎಲ್ಲ ಬಾಡಿಗೆ ಮನೆಗೂ ಒಂದೇ ತಿಳಿ ಬಣ್ಣ, ಒಂದೇ ಶೇಡ್ ನಂಬರ್. 10×12 ಅಡಿಯ ಕೋಣೆಗೆ ಬಾಗಿಲು ಕಿಟಕಿ ಬಿಟ್ಟು ಸುಮಾರು 390 ಚದರಡಿ ಗೋಡೆ ಬರುತ್ತದೆ. ಎರಡು ಕೋಟ್ ಹೊಡೆಯಲು ಆರು ಲೀಟರ್ ಇಮಲ್ಶನ್ ಸಾಕು. ಒರೆಸಿದರೆ ಹೋಗುವ ಅಗ್ಗದ ಡಿಸ್ಟೆಂಪರ್ ಹೊಡೆದರೆ ಪ್ರತಿ ಬಾಡಿಗೆದಾರರಿಗೂ ಹೊಸದಾಗಿ ಹೊಡೆಯಬೇಕು, ಇಮಲ್ಶನ್ ಆದರೆ ಕಲೆಯಾದ ಕಡೆ ಮಾತ್ರ ತಿದ್ದಿದರೆ ಆಯಿತು.

ವಿಜಯಪುರ, ಬಾಗಲಕೋಟೆಯಲ್ಲಿ ಮನೆ ಇರುವವರಿಗೆ ಸೋರಿಕೆಗಿಂತ ಎರೆ ಮಣ್ಣಿನ ಕಾಟ ಹೆಚ್ಚು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ನೆಲ ಗೋಡೆಯನ್ನು ಓರೆಯಾಗಿ ಸೀಳುತ್ತದೆ, ಕಿಟಕಿಯ ಮೂಲೆಯಿಂದ ಬಿರುಕು ಶುರುವಾಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗುರುತು ದಾಟದಿದ್ದರೆ ತುಂಬಿಸಿ ಬಣ್ಣ ಹೊಡೆಯಬಹುದು. ದಾಟಿದರೆ ಇಂಜಿನಿಯರನ್ನು ಕರೆಸಿ. ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಹೊರಗಿಳಿಜಾರಿನ ಫರಸಿ ಹಾಸಿಸುವುದು, ಬಚ್ಚಲ ನೀರು ಅಡಿಪಾಯದ ಹತ್ತಿರ ಇಂಗದಂತೆ ಗಟಾರಕ್ಕೆ ಸೇರಿಸುವುದು, ಇವೆರಡೇ ಬಹಳಷ್ಟು ಬಿರುಕು ತಡೆಯುತ್ತವೆ. ಇನ್ನು ಬೋರಿನ ಗಡಸು ನೀರು. ಗೀಜರಿನ ಕಾಯಿಲ್ ಸುತ್ತ ಸುಣ್ಣ ಕಟ್ಟಿ ಅದು ಸುಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸುವುದು, ಆನೋಡ್ ರಾಡ್ (ಒಳಗಿನ ಟಾಕಿ ತುಕ್ಕು ಹಿಡಿಯದಂತೆ ಕಾಯುವ ಸರಳು) ನೋಡುವುದು ಮಾಲಕರ ಖರ್ಚು ಎಂದು ಬರೆದುಕೊಂಡರೆ ಬಾಡಿಗೆದಾರರ ಜೊತೆ ತಕರಾರು ಬರುವುದಿಲ್ಲ, ಗೀಜರೂ ಉಳಿಯುತ್ತದೆ.

ಯಾರಿಗೆ ಕೊಡಬೇಕು? ಸಂಬಳದ ದಾಖಲೆ ಅಥವಾ ಅಂಗಡಿಯ ಪರವಾನಗಿ, ಊರಿನ ಕಾಯಂ ವಿಳಾಸ, ಸದ್ಯ ಇರುವ ಮನೆಯ ಮಾಲಕರ ಫೋನ್ ನಂಬರ್, ಈ ಮೂರನ್ನು ಕೇಳಿ. ಮೂರನೆಯದಕ್ಕೆ ನಿಜವಾಗಿ ಫೋನ್ ಮಾಡಿ. ಬಾಡಿಗೆ ಅವರ ಆದಾಯದ ಮೂರನೇ ಒಂದು ಭಾಗ ಮೀರಿದರೆ ಆರನೇ ತಿಂಗಳಿಗೆ ಬಾಕಿ ಶುರುವಾಗುತ್ತದೆ ಎಂದುಕೊಳ್ಳಿ. ಆಧಾರ್ ಪ್ರತಿ ತೆಗೆದುಕೊಳ್ಳುವಾಗ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಾಕು. ಮಹಾರಾಷ್ಟ್ರ, ಗೋವಾ ಕಡೆಯಿಂದ ಬರುವವರು ಬೆಳಗಾವಿಯಲ್ಲಿ ಬಹಳ, ಆದ್ದರಿಂದ ಫೋಟೊ ಮತ್ತು ವಿಳಾಸದ ಸಮೇತ ಹತ್ತಿರದ ಠಾಣೆಗೆ ಮಾಹಿತಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ನಾಲ್ಕು ಜನ ವಿದ್ಯಾರ್ಥಿಗಳಾದರೆ ನಾಲ್ವರ ಹೆಸರೂ ಒಂದೇ ಕರಾರಿನಲ್ಲಿರಲಿ, ಪೂರ್ತಿ ಬಾಡಿಗೆಗೆ ಎಲ್ಲರೂ ಕೂಡಿ ಹೊಣೆ ಎಂದು ಬರೆಯಿರಿ. ಇಲ್ಲದಿದ್ದರೆ ಒಬ್ಬ ಬಿಟ್ಟುಹೋದಾಗ ಉಳಿದವರು ಮುಕ್ಕಾಲು ಬಾಡಿಗೆ ಕೊಡುತ್ತಾರೆ.

ಷರತ್ತುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಜಾತಿ ಕೇಳುವುದು, ಊಟ ಕೇಳುವುದು, "ಒಬ್ಬಂಟಿ ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ" ಎನ್ನುವುದು ಮೊದಲಿಗೆ ಅನ್ಯಾಯ, ಎರಡನೆಯದಾಗಿ ನಷ್ಟ. ಆಸ್ಪತ್ರೆಯ ನರ್ಸ್, ಬ್ಯಾಂಕಿನ ಹೊಸ ಅಧಿಕಾರಿ, ಮಿಲಿಟರಿಯವರ ಕುಟುಂಬ, ಹೀಗೆ ತಪ್ಪದೆ ಬಾಡಿಗೆ ಕೊಡುವವರು ಆ ಒಂದು ಬೋರ್ಡು ನೋಡಿ ಮುಂದಿನ ಮನೆಗೆ ಹೋಗುತ್ತಾರೆ.

ಕರಾರು ಪತ್ರ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಾಯಿಸದಿದ್ದರೆ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಿಡಿಯಲು ಬರುವುದಿಲ್ಲ. 11 ತಿಂಗಳ ರೂಢಿ ಬಂದದ್ದು ಇದರಿಂದ. ಕರಾರಿಗೆ ಸ್ಟಾಂಪ್ ಸುಂಕವನ್ನೂ ಕಟ್ಟಬೇಕು. ಸುಂಕ ಎಷ್ಟೆಂಬುದು ಬಾಡಿಗೆ, ಡಿಪಾಜಿಟ್ ಮೊತ್ತದ ಮೇಲೆ ನಿಂತಿರುವುದರಿಂದ ಬಾಂಡ್ ರೈಟರ್ ಹತ್ತಿರ ಲೆಕ್ಕ ಹಾಕಿಸಿ. ಕಡಿಮೆ ಸುಂಕದ ಪತ್ರ ಕೋರ್ಟಿಗೆ ಹೋದರೆ ಕೊರತೆಯ ಹತ್ತು ಪಟ್ಟು ದಂಡ ಬೀಳಬಹುದು. ಟೈಪ್ ಮಾಡಿಟ್ಟ ನಮೂನೆಗೆ ಹೆಸರು ತುಂಬಿ ಸಹಿ ಹಾಕುವ ಬದಲು ಇಷ್ಟನ್ನು ಸೇರಿಸಿ: ಎಷ್ಟು ಜನ ಇರುತ್ತಾರೆ, ಬಾಡಿಗೆಯ ಕೊನೆಯ ದಿನ, ಮುಂದಿನ ವರ್ಷದ ಏರಿಕೆ ಶೇಕಡಾ ಎಷ್ಟು, ಎರಡೂ ಕಡೆಯ ನೋಟಿಸ್ ಅವಧಿ, ಬೇರೆಯವರಿಗೆ ಒಳಬಾಡಿಗೆ ಕೊಡಬಾರದೆಂಬ ಮಾತು, ಡಿಪಾಜಿಟ್ಟಿನಿಂದ ಯಾವುದಕ್ಕೆ ಎಷ್ಟು ಹಿಡಿಯಬಹುದು. ಸಣ್ಣ ದುರಸ್ತಿ, ಅಂದರೆ ನಳದ ವಾಷರ್, ಬಲ್ಬ್, ಸಿಂಕ್ ಕಟ್ಟಿಕೊಂಡದ್ದು ಬಾಡಿಗೆದಾರರದು. ಪೈಪು, ವೈರಿಂಗ್, ಮಾಳಿಗೆ, ಪಂಪು ನಿಮ್ಮದು. ಡಿಪಾಜಿಟ್ ಎರಡು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿಯಿದೆ. ರಾಜ್ಯ ಒಪ್ಪಿಕೊಂಡ ಹೊರತು ಅದು ಕಾನೂನಲ್ಲ, ಆದರೂ ಅಳತೆಯಾಗಿ ಚೆನ್ನಾಗಿದೆ.

ಬಾಡಿಗೆಯನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ರೊಕ್ಕ ಕೈಯಲ್ಲಿ ಕೊಡುವವರಿಗೆ ರಸೀದಿ ಬರೆಯಿರಿ, 5,000 ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಬಾಕಿ ಶುರುವಾದರೆ ಮೊದಲ ತಿಂಗಳೇ ಮಾತಾಡಿ, ಎರಡನೇ ತಿಂಗಳಿಗೆ ಲಿಖಿತ ಪತ್ರ ಕೊಡಿ, ಡಿಪಾಜಿಟ್ ಕರಗುವ ಮೊದಲೇ ವಕೀಲರ ನೋಟಿಸ್ ಹೋಗಲಿ. ತಿಂಗಳಿಗೆ 3,500 ಮೀರಿದ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಹೊರಗಿವೆ, ಅವುಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ನಡೆಯುತ್ತದೆ. ಕರಾರಿನಲ್ಲಿ ಬೇರೆ ಅವಧಿ ಬರೆದಿರದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಬೇಕು. ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ದಾವೆ. ಸಿಟ್ಟಿನಲ್ಲಿ ಬೀಗ ಜಡಿಯುವುದು, ಫ್ಯೂಸ್ ತೆಗೆಯುವುದು, ನಳ ಬಂದ್ ಮಾಡುವುದು ಬೇಡ. ಬಾಕಿ ಉಳಿಸಿದವರು ದೂರುದಾರರಾಗಿ ನೀವು ಠಾಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ತೆರಿಗೆ ಲೆಕ್ಕ ಅಂಜುವಷ್ಟಿಲ್ಲ. ವರ್ಷದ ಬಾಡಿಗೆ 1,08,000 ಬಂತು, ಪಾಲಿಕೆಗೆ ಆಸ್ತಿ ಕರ 4,000 ಕಟ್ಟಿದಿರಿ ಎನ್ನೋಣ. ಉಳಿದ 1,04,000ದಲ್ಲಿ ದುರಸ್ತಿ ವಗೈರೆಗೆಂದು ನೇರ ಶೇ. 30, ಅಂದರೆ 31,200 ಕಳೆಯುತ್ತಾರೆ. ಆದಾಯವಾಗಿ ತೋರಿಸುವುದು 72,800. ಮನೆ ಸಾಲದ ಬಡ್ಡಿಯಿದ್ದರೆ ಅದನ್ನೂ ಕಳೆಯಬಹುದು. ನಿಜವಾದ ದುರಸ್ತಿ ಖರ್ಚು ಎಷ್ಟೇ ಆಗಿರಲಿ, ಬೇರೆಯಾಗಿ ಕಳೆಯಲು ಬರುವುದಿಲ್ಲ. ಆಸ್ತಿ ಕರವನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಎಚ್‌ಆರ್‌ಎ (ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆ) ಪಡೆಯುವ ಬಾಡಿಗೆದಾರರು ನಿಮ್ಮ ಪ್ಯಾನ್ ಕೇಳುತ್ತಾರೆ, ಕೊಡಬೇಕು. ಆದ್ದರಿಂದ ಆ ಆದಾಯವನ್ನು ಮುಚ್ಚಿಡಬಹುದು ಎಂಬ ಯೋಚನೆ ಬಿಡಿ.

ಬಾಡಿಗೆ ಬರುತ್ತದೆಂದು ಸಾಲ ಮಾಡಿ ಇನ್ನೊಂದು ಮನೆ ಕೊಳ್ಳುವವರು ಈ ಅಂಕಿ ನೋಡಲಿ. 40 ಲಕ್ಷದ ಮನೆಗೆ 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ: ತಿಂಗಳ ಕಂತು ಸುಮಾರು 26,000. ಆ ಮನೆಗೆ ತಿಂಗಳಿಗೆ 10,000 ಬಂದರೆ ವರ್ಷಕ್ಕೆ 1.2 ಲಕ್ಷ, ಹಾಕಿದ ಬೆಲೆಯ ಮೇಲೆ ಶೇ. 3. ಉಳಿದ 16,000 ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ಹೋಗಬೇಕು. ಅಷ್ಟು ತಾಕತ್ತಿದ್ದು ಜಾಗದ ಬೆಲೆ ಏರುತ್ತದೆಂಬ ನಂಬಿಕೆಯಿದ್ದರೆ ಕೊಳ್ಳಿ, ಬಾಡಿಗೆಯೇ ಕಂತು ತೀರಿಸುತ್ತದೆ ಎಂದು ಕೊಳ್ಳಬೇಡಿ. ನಿಮ್ಮ ಸ್ವಂತ ಮನೆಯ ಮೇಲೆ ಬೇರೆ ಮೆಟ್ಟಿಲು, ಬೇರೆ ಮೀಟರ್ ಇರುವ ಒಂದು ಮಾಳಿಗೆ ಏರಿಸುವುದು ಹಾಕಿದ ರೊಕ್ಕಕ್ಕೆ ಹೆಚ್ಚು ಕೊಡುತ್ತದೆ, ಏಕೆಂದರೆ ಜಾಗದ ಬೆಲೆ ಅದರಲ್ಲಿ ಸೇರುವುದಿಲ್ಲ. ಅಡಿಪಾಯ ತಡೆಯಬೇಕು, ಪಾಲಿಕೆಯ ಪರವಾನಗಿ ಇರಬೇಕು, ಅಷ್ಟೇ.

ಬಾಡಿಗೆದಾರರು ಬರುವ ದಿನ ಖಾಲಿ ಮನೆಯ ವಿಡಿಯೊ ಮಾಡಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ: ಪ್ರತಿ ನಳ ತಿರುವಿ, ಪ್ರತಿ ಸ್ವಿಚ್ ಒತ್ತಿ, ಫ್ಯಾನಿನ ಸಂಖ್ಯೆ, ಮೀಟರಿನ ರೀಡಿಂಗ್ ಕಾಣುವಂತೆ. ಬಿಡುವ ದಿನ ಅದೇ ವಿಡಿಯೊ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಮನೆ ಸುತ್ತಿ. ಬಳಕೆಯಿಂದ ಮಾಸಿದ ಬಣ್ಣಕ್ಕೆ ಹಣ ಹಿಡಿಯುವುದು ಸರಿಯಲ್ಲ. ಒಡೆದ ವಾಶ್‌ಬೇಸಿನ್‌ಗೆ ಹಿಡಿಯಿರಿ, ಬಿಲ್ ತೋರಿಸಿ. ಬಾಡಿಗೆದಾರರು ಆ ಆರ್‌ಆರ್ ನಂಬರಿಗೆ ಜೋಡಿಸಿದ ಆಧಾರ್ ಅನ್ನು ಸೇವಾ ಸಿಂಧು ಪೋರ್ಟಲಿನಲ್ಲಿ ಬಿಡಿಸಿಕೊಂಡಿದ್ದಾರೆಯೇ ಎಂದು ಅಂದೇ ನೋಡಿ. ಅದು ಹಾಗೇ ಉಳಿದರೆ ಅವರಿಗೆ ಹೊಸ ಮನೆಯಲ್ಲೂ, ಮುಂದೆ ಬರುವವರಿಗೆ ನಿಮ್ಮ ಮನೆಯಲ್ಲೂ ಗೃಹಜ್ಯೋತಿ ಸಿಗುವುದಿಲ್ಲ. ಕೊನೆಯ ಕರೆಂಟ್ ಬಿಲ್ ಕಟ್ಟಿದ ರಸೀದಿ ಕೈಗೆ ಬಂದ ಮೇಲೆ ಡಿಪಾಜಿಟ್ ಅನ್ನು ಅಂದೇ ಬ್ಯಾಂಕ್ ಮೂಲಕ ಹಿಂದಿರುಗಿಸಿ, ಕರಾರಿನ ಹಿಂಬದಿಯಲ್ಲಿ "ಪೂರ್ತಿ ಮುಟ್ಟಿದೆ" ಎಂದು ಬರೆಸಿ ಸಹಿ ತೆಗೆದುಕೊಳ್ಳಿ.